ಪಶು ಆಹಾರದಲ್ಲಿ ಸಸ್ಯಸಾರ: ಉದ್ದಿಮೆದಾರರು ಹಾಕಬೇಕಾದ ಲೆಕ್ಕ

ಹಸು ಎಮ್ಮೆಗಳು ತಿಂದ ಮೇವಿನ ಶಕ್ತಿಯೆಲ್ಲ ಹಾಲಾಗುವುದಿಲ್ಲ. ಅವುಗಳ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸುವಾಗ ಜಲಜನಕ ಬಿಡುಗಡೆಯಾಗುತ್ತದೆ. ಮತ್ತೊಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮೀಥೇನ್ ಅನಿಲವಾಗಿಸುತ್ತವೆ; ಅದು ತೇಗಿನ ಮೂಲಕ ಹೊರಬೀಳುತ್ತದೆ. ಮೇವಿನ ಶಕ್ತಿಯಲ್ಲಿ ಸುಮಾರು ಶೇ. 2ರಿಂದ 12ರಷ್ಟು ಹೀಗೆ ನಷ್ಟವಾಗುತ್ತದೆ. ಅಂದರೆ ಇದು ರೈತನು ಹಣ ತೆತ್ತು ಕೊಂಡ ಕಚ್ಚಾ ಮಾಲಿನ ಸೋರಿಕೆ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿ, ನೂರು ವರ್ಷಗಳ ಲೆಕ್ಕದಲ್ಲಿ, ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಪ್ರಬಲ.

ಸಸ್ಯಗಳ ಒಗರಿಗೆ ಕಾರಣವಾದ ಟ್ಯಾನಿನ್ ಈ ಸೋರಿಕೆಯನ್ನು ತಗ್ಗಿಸಬಲ್ಲದು. ಅದು ಮೀಥೇನ್ ಉತ್ಪಾದಿಸುವ ಜೀವಿಗಳನ್ನು ಹತೋಟಿಯಲ್ಲಿಡುತ್ತದೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಟ್ಯಾನಿನ್‌ಯುಕ್ತ ಸಸ್ಯಗಳಿಂದ 'ಹರಿತ್ ಧಾರಾ' ಎಂಬ ಪೂರಕ ಆಹಾರವನ್ನು ರೂಪಿಸಿದೆ. 2021ರಲ್ಲಿ ಪ್ರಕಟವಾದ ವಿವರಗಳಂತೆ, ಇದರಿಂದ ಮೀಥೇನ್ ಶೇ. 17ರಿಂದ 20ರಷ್ಟು ಕಡಿಮೆಯಾಗುತ್ತದೆ. ತಯಾರಿಕಾ ವೆಚ್ಚ ಕಿಲೋಗೆ ಸುಮಾರು 6 ರೂಪಾಯಿ. ಬೆಳೆದ ಹಸುವಿಗೆ ದಿನಕ್ಕೆ 500 ಗ್ರಾಂ.

ರೈತನ ಲೆಕ್ಕ

ಅಂದಿನ ತಯಾರಿಕಾ ವೆಚ್ಚದಲ್ಲೇ ದಿನಕ್ಕೆ 3 ರೂಪಾಯಿ ಖರ್ಚು. ಹಾಲಿಗೆ ಲೀಟರಿಗೆ 30 ರೂಪಾಯಿ ಎಂದಿಟ್ಟುಕೊಂಡರೂ 100 ಮಿಲಿಲೀಟರು ಹೆಚ್ಚುವರಿ ಹಾಲು ಬಂದರೆ ಮಾತ್ರ ಅಸಲು ಹುಟ್ಟುತ್ತದೆ. ಸಾಗಣೆ, ಕಮಿಷನ್, ಲಾಭಾಂಶ ಸೇರಿದರೆ ಇನ್ನೂ ಹೆಚ್ಚು ಬೇಕು. ವಾತಾವರಣಕ್ಕಾಗುವ ಲಾಭ ಎಲ್ಲರದು, ಬೆಲೆ ತೆರುವವನು ರೈತನೊಬ್ಬನೇ. ಆದುದರಿಂದ ಮಾರಾಟವು ಹಾಲಿನ ಅಳತೆಯನ್ನೇ ಅವಲಂಬಿಸುತ್ತದೆ.

ತಯಾರಕರ ಲೆಕ್ಕ

ಮೊದಲನೆಯದು, ಗುಣಮಟ್ಟ. ಟ್ಯಾನಿನ್ ಅಂಶವು ಗಿಡ, ಹಂಗಾಮು, ಒಣಗಿಸುವ ಕ್ರಮಗಳಿಗನುಸಾರ ಬದಲಾಗುತ್ತದೆ. ಪ್ರಮಾಣ ಮೀರಿದರೆ ಮೇವಿನ ಸೇವನೆಯೂ ಜೀರ್ಣಶಕ್ತಿಯೂ ಕುಗ್ಗುತ್ತವೆ. ಪ್ರತಿ ಲಾಟಿನ ಪರೀಕ್ಷಾ ವೆಚ್ಚವನ್ನು ಆರಂಭದಲ್ಲಿಯೇ ಬೆಲೆಗೆ ಸೇರಿಸತಕ್ಕದ್ದು.

ಎರಡನೆಯದು, ತೆರಿಗೆ. ಪಶು ಆಹಾರಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಅದನ್ನು ತಯಾರಿಸಲು ಕೊಂಡ ಚೀಲ, ಯಂತ್ರ ಮುಂತಾದವುಗಳ ಮೇಲೆ ತೆತ್ತ ಹೂಡುವಳಿ ತೆರಿಗೆಗೆ ಜಮೆ ದೊರೆಯದು, ಅದೂ ವೆಚ್ಚವೇ. ವಿನಾಯಿತಿಯನ್ನೇ ಲಾಭವೆಂದು ಬಗೆಯುವುದು ತಪ್ಪು. ಸಸ್ಯಸಾರವನ್ನು ಬಿಡಿಯಾಗಿ ಮಾರಿದರೆ ಅಥವಾ ಔಷಧವೆಂದು ಹೆಸರಿಸಿದರೆ ಸರಕಿನ ವರ್ಗೀಕರಣವೇ ಬದಲಾಗಬಹುದು.

ಮೂರನೆಯದು, ಇಂಗಾಲದ ಕ್ರೆಡಿಟ್. ಅಳತೆ ನಡೆದು, ದೃಢೀಕರಣವಾಗಿ, ಪ್ರಮಾಣಪತ್ರ ಕೈಸೇರುವವರೆಗೆ ಅದನ್ನು ಆದಾಯದಲ್ಲಿ ತೋರಿಸಲಾಗದು. ಅದನ್ನು ನಂಬಿ ಸಾಲ ಮಾಡುವುದು ವಿವೇಕವಲ್ಲ.

ಹೊಸದಾಗಿ ಈ ತಯಾರಿಕೆಗೆ ಇಳಿಯುವವರು ಮೊದಲು ಕೆಲವು ಹಸುಗಳಿಗೆ ಪೂರಕವನ್ನು ಕೊಟ್ಟು, ಅಂತಹವೇ ಇನ್ನು ಕೆಲವಕ್ಕೆ ಕೊಡದೆ, ಎರಡೂ ಗುಂಪುಗಳ ಹಾಲನ್ನು ಪ್ರತಿದಿನ ಬರೆದಿಡುವುದು ಲೇಸು. ಆ ಪುಸ್ತಕದಲ್ಲಿ ವ್ಯತ್ಯಾಸ ಕಂಡಮೇಲೆ ಬಂಡವಾಳದ ಮಾತು.