ಮಂಜಿನ ಬಟಾಣಿ, ಬಿಸಿ ಉಪ್ಪಿಟ್ಟು

"ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇದ್ದದ್ದು ತಂಗಳು ತಾನೇ?" ಎಂದು ಅಜ್ಜಿ ಮೂಗು ಮುರಿಯುತ್ತಾರೆ. "ಇಲ್ಲ ಅಜ್ಜಿ, ನೋಡು ಎಷ್ಟು ಹಸಿರಾಗಿದೆ!" ಎಂದು ಮೊಮ್ಮಗಳು ಬಟಾಣಿ ಪ್ಯಾಕೆಟ್ ಎತ್ತಿ ತೋರಿಸುತ್ತಾಳೆ. ಯಾರ ಮಾತು ಸರಿ? ಅದನ್ನು ತಿಳಿದುಕೊಂಡು, ಆಮೇಲೆ ಇಬ್ಬರೂ ಸೇರಿ ಒಲೆ ಹಚ್ಚಬಹುದು.

ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ, ಇಂದಿನ ಕೆನಡಾದಲ್ಲಿರುವ ಲ್ಯಾಬ್ರಡಾರ್ ಎಂಬ ಚಳಿನಾಡಿನಲ್ಲಿ ಕೆಲವು ವರ್ಷ ಇದ್ದ. ಅಲ್ಲಿನ ಇನ್ಯುಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಆ ಕ್ಷಣವೇ ಹೆಪ್ಪುಗಟ್ಟುತ್ತಿತ್ತು. ತಿಂಗಳುಗಳ ನಂತರ ಬೇಯಿಸಿದರೂ ಅದರ ರುಚಿ ಕೆಡುತ್ತಿರಲಿಲ್ಲ. ಗುಟ್ಟು ಇರುವುದು ವೇಗದಲ್ಲಿ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳ ಗೋಡೆಯನ್ನು ಸೀಳುತ್ತವೆ. ಕರಗಿದಾಗ ತರಕಾರಿ ಮೆತ್ತಗಾಗಿ ನೀರು ಬಿಡುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳುಗಳು ಚಿಕ್ಕವು, ಹಾನಿಯೂ ಕಡಿಮೆ. ಬರ್ಡ್ಸ್‌ಐ ಇದಕ್ಕೆ ಯಂತ್ರ ಮಾಡಿದ. 1930ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಇಂಥ ಆಹಾರ ಮಾರಾಟಕ್ಕೆ ಬಂತು.

ಕಾರ್ಖಾನೆಯಲ್ಲಿ ಬಟಾಣಿಯನ್ನು ಹೆಪ್ಪುಗಟ್ಟಿಸುವ ಮೊದಲು ಬಿಸಿನೀರಿನಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಇಟ್ಟು ತಣಿಸುತ್ತಾರೆ. ಬಣ್ಣ, ರುಚಿ ಕೆಡಿಸುವ ಕಿಣ್ವಗಳು ಇದರಿಂದ ಸುಮ್ಮನಾಗುತ್ತವೆ. ಅಂದರೆ ನಿಮ್ಮ ಕೈಗೆ ಬರುವ ಬಟಾಣಿ ಆಗಲೇ ಅರೆ ಬೆಂದಿದೆ! ಹಸಿ ಬಟಾಣಿಯಷ್ಟು ಹೊತ್ತು ಬೇಯಿಸಿದರೆ ಮುದ್ದೆಯಾಗುತ್ತದೆ. ಹಾಗೆಂದು ಬೇಯಿಸದೆ ತಿನ್ನಬಾರದು.

ಹಾಗಾದರೆ ಅಜ್ಜಿಯ ಅನುಮಾನ ಪೂರ್ತಿ ತಪ್ಪೇ? ಅದೂ ಅಲ್ಲ. ಇಂಥ ತರಕಾರಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೇ ಇರಬೇಕು. ದಾರಿಯಲ್ಲೋ, ಕರೆಂಟು ಹೋದಾಗಲೋ ಕರಗಿ ಮತ್ತೆ ಗಟ್ಟಿಯಾದರೆ ಕೆಡುವ ಭಯವಿದೆ. ಆದ್ದರಿಂದ ಕೊಳ್ಳುವಾಗ ಪ್ಯಾಕೆಟ್ ಒತ್ತಿ ನೋಡಿ. ಕಾಳುಗಳು ಗೋಲಿಗಳಂತೆ ಬಿಡಿಬಿಡಿಯಾಗಿ ಆಡಬೇಕು. ಇಟ್ಟಿಗೆಯಂತೆ ಒಂದೇ ಗಡ್ಡೆಯಾಗಿದ್ದರೆ ಬೇಡ. ಮನೆಯಲ್ಲೂ ಬೇಕಾದಷ್ಟೇ ತೆಗೆದು, ಉಳಿದದ್ದನ್ನು ತಕ್ಷಣ ಫ್ರೀಜರಿಗೆ ಸೇರಿಸಿ.

ಈಗ ಉಪ್ಪಿಟ್ಟು ಮಾಡೋಣ. ಮಕ್ಕಳೇ, ಒಲೆಯ ಹತ್ತಿರ ದೊಡ್ಡವರು ಇರಲೇಬೇಕು.

ಬೇಕಾದದ್ದು: ರವೆ 1 ಲೋಟ, ನೀರು ಎರಡೂವರೆ ಲೋಟ, ಮಂಜಿನ ಬಟಾಣಿ ಅರ್ಧ ಲೋಟ, ಈರುಳ್ಳಿ 1, ಹಸಿಮೆಣಸಿನಕಾಯಿ 2, ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಕರಿಬೇವು, ಉಪ್ಪು, ನಿಂಬೆಹಣ್ಣು, ಕಾಯಿತುರಿ.

ರವೆಯನ್ನು ಘಮ್ಮೆನ್ನುವವರೆಗೆ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಒಗ್ಗರಣೆ ಮಾಡಿ, ಮೆಣಸಿನಕಾಯಿ, ಈರುಳ್ಳಿ ಬಾಡಿಸಿ. ಬಟಾಣಿಯನ್ನು ಈಗಲೇ ಹಾಕಬೇಡಿ! ಕಾಳಿನ ಮೇಲಿನ ಮಂಜು ಕಾದ ಎಣ್ಣೆಗೆ ಬಿದ್ದರೆ ಎಣ್ಣೆ ಸಿಡಿದು ಕೈ, ಮುಖ ಸುಡುತ್ತದೆ. ಮೊದಲು ನೀರು, ಉಪ್ಪು ಹಾಕಿ. ನೀರು ಕುದಿ ಬಂದ ಮೇಲೆ ಬಟಾಣಿಯನ್ನು ಕರಗಿಸದೆ ಹಾಗೆಯೇ ಮೆಲ್ಲಗೆ ಸುರಿಯಿರಿ. ತಣ್ಣನೆಯ ಕಾಳು ಬಿದ್ದಾಗ ಕುದಿ ನಿಲ್ಲುತ್ತದೆ. ಮತ್ತೆ ಕುದಿ ಬಂದ ಮೇಲೆ ಮೂರು ನಿಮಿಷ ಸಾಕು. ಹಲ್ಲು ಸಡಿಲವಾದ ತಾತನಿದ್ದರೆ ಇನ್ನೆರಡು ನಿಮಿಷ ಕೊಡಿ. ಉರಿ ಸಣ್ಣ ಮಾಡಿ, ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಕೊನೆಗೆ ನಿಂಬೆರಸ, ಕಾಯಿತುರಿ.

ಅಜ್ಜಿಯರಿಗೂ ಒಂದು ಮಾತು. ಚಳಿಗಾಲದಲ್ಲಿ ಹಸಿ ಬಟಾಣಿ ಅಗ್ಗವಾದಾಗ ನೀವೇ ಕೂಡಿಡಬಹುದು. ಸುಲಿದ ಕಾಳನ್ನು ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಇಟ್ಟು, ಐಸ್ ನೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ. ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆಯನ್ನು ಫ್ರೀಜರಿನಲ್ಲಿ ಬಚ್ಚಿಡುವ ಮನೆಗಳಿಗೆ ಇದು ತೀರಾ ಹೊಸ ವಿದ್ಯೆಯೇನಲ್ಲ.

ಉಪ್ಪಿಟ್ಟು ಸಿದ್ಧವಾಯಿತೇ? ಮೊದಲ ತಟ್ಟೆ ಅಜ್ಜಿಗೆ. ತಂಗಳೋ ತಾಜಾವೋ, ಅವರೇ ಹೇಳಲಿ.