ಅಪ್ಪ ದಡದಲ್ಲಿರುವ 61 ದಿನ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲು ಮುನಿದಿರುವ ಕಾಲ. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಬೋಟುಗಳು ಒಂದರ ಮೈಗೆ ಒಂದು ತಾಗಿ ನಿಂತಿರುತ್ತವೆ. ಈ 61 ದಿನಗಳ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿವರ್ಷ ಬರುತ್ತದೆ. ಮೀನಿನ ದರ ಏರಿದ್ದು, ಬಲೆ ದುರಸ್ತಿಯ ಚಿತ್ರ, ಡೀಸೆಲ್ ಸಬ್ಸಿಡಿಯ ಬೇಡಿಕೆ, ನಾಡದೋಣಿಗಳ ಪೂಜೆ. ಹತ್ತು ತಿಂಗಳಲ್ಲಿ ಹೆಚ್ಚಿನ ದಿನ ನೀರಿನ ಮೇಲೇ ಕಳೆಯುವ ಅಪ್ಪ ಈ ಎರಡು ತಿಂಗಳು ಮನೆಯಲ್ಲಿರುತ್ತಾನೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಬಹಳಷ್ಟು ಮನೆಗಳಿಗೆ ಅದು ಹಬ್ಬ. ಕೆಲವು ಮನೆಗಳಲ್ಲಿ ಆಗಸ್ಟ್ ಯಾವಾಗ ಬರುತ್ತದೆಂದು ಮಕ್ಕಳು ಕಾಯುತ್ತಾರೆ.

ಗಂಗೊಳ್ಳಿ ಕಡೆಯ ನಮ್ಮ ಕೇರಿಯಲ್ಲಿ ಅಂಥದೊಂದು ಮನೆಯಿತ್ತು. ಎರಡು ಗಂಡುಮಕ್ಕಳು, ನಡುವೆ ಆರು ವರ್ಷದ ಅಂತರ. ಅಮ್ಮ ಬೆಳಕು ಹರಿಯುವ ಮುಂಚೆ ಬಂದರಿಗೆ ಹೋಗಿ, ಏಲಂನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು ಬಸ್ಸು ಹತ್ತಿ, ಘಟ್ಟದ ಬುಡದ ಊರುಗಳಲ್ಲಿ ಮಾರಿ ಬರುವವರು. ಮಳೆಗಾಲದಲ್ಲಿ ನಾಡದೋಣಿಯವರ ಅಷ್ಟಿಷ್ಟು ಮೀನು, ಅದೂ ಇಲ್ಲದ ದಿನ ಒಣಮೀನು. ಆ ಮನೆಯ ಅಕ್ಕಿ, ಪುಸ್ತಕ, ಕರೆಂಟ್ ಬಿಲ್ ಎಲ್ಲ ಆ ಬುಟ್ಟಿಯಿಂದಲೇ ಬಂದದ್ದು. ಅವರು ಹೊರಟ ಮೇಲೆ ಮನೆ ಅಣ್ಣನ ಕೈಗೆ. ಗಂಜಿ ಬೇಯಿಸುವುದು, ತಮ್ಮನನ್ನು ಎಬ್ಬಿಸಿ ಮೀಯಿಸುವುದು, ಶಾಲೆಗೆ ಬಿಡುವುದು. ಅದಕ್ಕಿಂತ ದೊಡ್ಡ ಕೆಲಸ ಸಂಜೆಯದು. ಅಪ್ಪಯ್ಯ ಓಣಿಯ ತಿರುವಿನಲ್ಲಿ ಕೆಮ್ಮುವ ಬಗೆಯಲ್ಲೇ ಇವತ್ತು ಎಷ್ಟು ಕುಡಿದಿದ್ದಾರೆಂದು ಆ ಹುಡುಗ ತಿಳಿಯುತ್ತಿದ್ದ. ಕೆಮ್ಮು ಕೇಳಿದ ಕೂಡಲೇ ತಮ್ಮನನ್ನು ಒಳಕೋಣೆಗೆ ಕಳಿಸಿ ಕದ ಎಳೆದುಕೊಳ್ಳುತ್ತಿದ್ದ. "ನೀ ಮನಿಕೊ, ನಾ ಕಾಣ್ತೆ." ಆಚೆಮನೆಯ ನಮಗೂ ಆ ಮಾತು ಕೇಳುತ್ತಿತ್ತು. ಆಮೇಲೆ ಕೇಳುತ್ತಿದ್ದದ್ದು ಏಟಿನ ಸದ್ದು. ತಮ್ಮನಿಗೆ ಬೀಳಬೇಕಾದದ್ದನ್ನೂ ಸೇರಿಸಿ ಅವನೊಬ್ಬನೇ ತಿನ್ನುತ್ತಿದ್ದ.

ಅಣ್ಣ ಶಾಲೆ ಬಿಟ್ಟು ಅಪ್ಪಯ್ಯ ಹೋಗುತ್ತಿದ್ದ ಬೋಟಿಗೇ ಅಡುಗೆಯ ಹುಡುಗನಾಗಿ ಸೇರಿದ. ಆಗ ಅದನ್ನು ಯಾರೂ ವಿಚಿತ್ರವೆಂದುಕೊಳ್ಳಲಿಲ್ಲ. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು, ಹದಿನಾಲ್ಕರ ಕೆಳಗಿನವರನ್ನು ದುಡಿಸಬಾರದು, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದಾದದ್ದು ಬಹಳ ಈಚೆಗೆ. ಅಣ್ಣ ಬೋಟು ಹತ್ತಿದ್ದು ಸಂಪಾದನೆಗೆಂದು ಊರು ತಿಳಿದಿತ್ತು. ಅಪ್ಪಯ್ಯನ ಪಾಲಿನ ದುಡ್ಡು ಸಾರಾಯಿ ಅಂಗಡಿಗೆ ಸೇರುವ ಮೊದಲೇ ಕೈಗೆ ತೆಗೆದುಕೊಳ್ಳಲು ಹೋದೆ ಎಂದು ಅವನು ನನಗೆ ಹೇಳಿದ್ದು ವರ್ಷಗಳ ಮೇಲೆ.

ಆಳಸಮುದ್ರದ ಟ್ರಾಲ್ ಬೋಟಿನ ಬದುಕು ದಡದವರಿಗೆ ಊಹೆಗೆ ಸಿಗುವುದಲ್ಲ. ಏಳೆಂಟು ಜನ ಎಂಟು–ಹತ್ತು ದಿನ ಒಂದು ಸಣ್ಣ ಕೋಣೆಯಷ್ಟು ಜಾಗದಲ್ಲಿರುತ್ತಾರೆ. ಎರಡು–ಮೂರು ತಾಸಿಗೊಮ್ಮೆ ಬಲೆ ಎಳೆಯಬೇಕು, ಮೀನು ಬೇರೆ ಮಾಡಬೇಕು, ಐಸ್ ಹಾಕಿ ತುಂಬಬೇಕು, ಮತ್ತೆ ಬಲೆ ಬಿಡಬೇಕು. ಹಗಲು ರಾತ್ರಿ ಇದೇ. ನಿದ್ದೆ ತುಂಡುತುಂಡಾಗಿ ಬರುತ್ತದೆ. ದಡಕ್ಕೆ ಬಂದ ಮೇಲೆ ಡೀಸೆಲ್, ಐಸ್, ರೇಷನ್ನಿನ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ಮೀನು ಬೀಳದಿದ್ದರೆ ಪಾಲೂ ಇಲ್ಲ. ಮೊದಲೇ ಮುಂಗಡ ತೆಗೆದುಕೊಂಡಿದ್ದರೆ ದುಡಿದದ್ದು ಅದಕ್ಕೇ ವಜಾ. ಹತ್ತು ದಿನ ಮೈ ಮುರಿದವನು ಬರಿಗೈಯಲ್ಲಿ ಮನೆಗೆ ನಡೆಯುವ ದಾರಿಯಲ್ಲೇ ಅಂಗಡಿಯೂ ಇರುತ್ತದೆ.

ಭಯದ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ. ಅಳಿವೆಯ ಬಾಯಲ್ಲಿ ಹೂಳು ತುಂಬಿ ದೋಣಿ ಮಗುಚುವುದು ಕರಾವಳಿಗೆ ಹೊಸತಲ್ಲ. ದಡ ಕಣ್ಣಿಗೆ ಕಾಣುತ್ತಿರುವಾಗಲೇ ಜೊತೆಗಾರ ಮುಳುಗಿಹೋದದ್ದನ್ನು ನೋಡಿದವರು ಪ್ರತಿ ಕೇರಿಯಲ್ಲೂ ಸಿಗುತ್ತಾರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಅಳುವಂತೆಯೂ ಇರಲಿಲ್ಲ, ನಂಬುವಂತೆಯೂ ಇರಲಿಲ್ಲ. ಅದೇ ದಿನಗಳಲ್ಲಿ ಅದೇ ಬಂದರಿನಿಂದ ಉಳಿದವರು ಕಡಲಿಗೆ ಹೋಗಿ ಬರುತ್ತಲೇ ಇದ್ದರು, ಹೋಗದೆ ವಿಧಿಯಿರಲಿಲ್ಲ. ಆ ಗಂಡಸರ ಹತ್ತಿರ ಕೂತು ನಿದ್ದೆ ಬರುತ್ತದೆಯೇ ಎಂದು ಕೇಳುವ ವ್ಯವಸ್ಥೆ ನಮ್ಮ ಬಂದರುಗಳಲ್ಲಿ ಇಂದಿಗೂ ಬೇರೂರಿಲ್ಲ. ನಮ್ಮ ಆಚೆಮನೆಯ ಅಪ್ಪಯ್ಯನೂ ಅಳಿವೆಯಲ್ಲಿ ಜೊತೆಗಾರನನ್ನು ಕಳೆದುಕೊಂಡವರೇ. ಕುಡಿತ ಹೆಚ್ಚಿದ್ದು ಅಲ್ಲಿಂದೀಚೆಗೆ. ಇದು ಏಟಿಗೆ ಸಮಜಾಯಿಷಿಯಾಗಿ ಹೇಳುವ ಮಾತಲ್ಲ. ಬೆನ್ನ ಮೇಲೆ ಬೆಲ್ಟಿನ ಗುರುತಿದ್ದ ಹುಡುಗನಿಗೆ ಕಾರಣ ತಿಳಿದು ಆಗಬೇಕಾದದ್ದೇನೂ ಇರಲಿಲ್ಲ.

ಆದರೆ ಅಣ್ಣ ಬೋಟಿನಲ್ಲಿ ಬೇರೊಬ್ಬ ಅಪ್ಪನನ್ನು ಕಂಡ. ಹೊರಟ ಎರಡನೆಯ ದಿನ ಅಪ್ಪಯ್ಯನ ಕೈ ನಡುಗುತ್ತಿತ್ತಂತೆ, ಮೈಯೆಲ್ಲ ಬೆವರು, ಯಾರೋ ಕರೆದ ಹಾಗೆ ತಿರುಗಿ ತಿರುಗಿ ನೋಡುವುದು. ಅದು ಕಳೆದ ಮೇಲೆ ಅವರು ಹದಕ್ಕೆ ಬರುತ್ತಿದ್ದರು. ನೀರಿನ ಬಣ್ಣ ನೋಡಿ ಬಂಗುಡೆಯ ಹಿಂಡು ಯಾವ ಕಡೆಗಿದೆ ಎನ್ನುವರು. ಹರಿದ ಬಲೆಗೆ ಕಣ್ಣು ಕಟ್ಟುವುದನ್ನು ಮಗನ ಬೆರಳು ಹಿಡಿದು ಕಲಿಸುವರು. ತಮ್ಮ ತಟ್ಟೆಯ ಮೀನಿನ ತುಂಡನ್ನು ಅವನ ತಟ್ಟೆಗೆ ಸರಿಸುವರು. ದಡದಲ್ಲಿ ಹೊಡೆಯುವ ಕೈಯೇ ಅದು. ತಮ್ಮನಿಗೆ ಈ ಅಪ್ಪ ಸಿಗಲೇ ಇಲ್ಲ. ಅವನು ಕಂಡದ್ದು ದಡದ ಅಪ್ಪನನ್ನು ಮಾತ್ರ. ಅಪ್ಪಯ್ಯ ಲಿವರ್ ಕೆಟ್ಟು ತೀರಿಕೊಂಡಾಗ ಅಣ್ಣ ಅತ್ತ, ತಮ್ಮ ಉತ್ತರಕ್ರಿಯೆಯ ಬೊಜ್ಜಕ್ಕೂ ಬರಲಿಲ್ಲ. ಊರು ತಮ್ಮನನ್ನು ಬೈಯಿತು. ನನಗೆ ಇಬ್ಬರೂ ಸರಿಯೆಂದೇ ಕಂಡಿತು. ಅವರಿಬ್ಬರೂ ಬೇರೆ ಬೇರೆ ಅಪ್ಪಂದಿರ ಮಕ್ಕಳು. ಒಬ್ಬ ಯಾರಿಗಾಗಿ ಅಳುತ್ತಿದ್ದಾನೆಂದು ಇನ್ನೊಬ್ಬನಿಗೆ ಅರ್ಥವಾಗಲು ದಾರಿಯೇ ಇರಲಿಲ್ಲ.

ಆ ಎರಡನೆಯ ದಿನದ ನಡುಕಕ್ಕೆ ವೈದ್ಯರ ಬಳಿ ವಿವರಣೆಯಿದೆ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತಾಗ ಒಂದೆರಡು ದಿನದೊಳಗೆ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರುತ್ತವೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ಕೇಳುವುದು ಶುರುವಾದರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಔಷಧ ಕೊಟ್ಟು ದಾಟಿಸಬೇಕಾದ ಆ ದಿನಗಳನ್ನು ನಮ್ಮ ಮೀನುಗಾರರು ದಡದಿಂದ ಎಷ್ಟೋ ಮೈಲಿ ದೂರದಲ್ಲಿ, ಓಲಾಡುವ ಬೋಟಿನ ಅಂಚಿನಲ್ಲಿ, ಹದಿಹರೆಯದ ಮಗನ ಕಣ್ಣೆದುರು ದಾಟುತ್ತಿದ್ದರು. ಮರಳಿ ದಡಕ್ಕೆ ಬಂದ ರಾತ್ರಿಯೇ ಮತ್ತೆ ಮೊದಲಿನಿಂದ ಶುರು.

ಹಿಂದೆ ಹೀಗಿರಲಿಲ್ಲವೇ ಎಂದು ಹಿರಿಯರನ್ನು ಕೇಳಿದರೆ ರಂಪಣಿಯ ಕಾಲದ ಮಾತು ತೆಗೆಯುತ್ತಾರೆ. ಆಗಲೂ ಕುಡಿಯುವವರಿದ್ದರು, ಹೊಡೆಯುವವರೂ ಇದ್ದರು. ಆದರೆ ಕಿಲೋಮೀಟರ್ ಉದ್ದದ ರಂಪಣಿ ಬಲೆಯನ್ನು ದಡದಲ್ಲೇ ನಿಂತು ಎಳೆಯಲು ಐವತ್ತು–ಅರವತ್ತು ಮಂದಿ ಬೇಕಿತ್ತು. ಎಲ್ಲರೂ ಒಂದೇ ಊರಿನವರು, ಎಲ್ಲರ ಮನೆಯ ಸುದ್ದಿ ಎಲ್ಲರಿಗೂ ಗೊತ್ತು. ರಾತ್ರಿ ಮಗನಿಗೆ ಹೊಡೆದವನು ಬೆಳಿಗ್ಗೆ ಊರ ಮುಖಂಡ ಗುರಿಕಾರರ ಕಣ್ಣೆದುರೇ ಹಗ್ಗ ಹಿಡಿಯಬೇಕಿತ್ತು. ಜೊತೆಗೆ ಕಡಲ ಮೀನುಗಾರರಾದ ಮೊಗವೀರರದು ಅಳಿಯಸಂತಾನ. ಮಕ್ಕಳು ತಾಯಿಯ ಬಳಿಗೆ ಸೇರಿದವರು, ಮನೆಯ ಮಾತು ಸೋದರಮಾವನದು. ಅಪ್ಪನ ಏಟಿಗೆ ಮಾವನ ತಡೆ ಇತ್ತು, ಓಡಿಹೋಗಲು ತಾಯಿಮನೆ ಇತ್ತು. 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ಬಳಿಕ ಕೂಡುಮನೆಗಳು ಒಡೆದವು. ಎಪ್ಪತ್ತರ ದಶಕದ ನಡುವೆ ಪರ್ಸಿನ್ ಬೋಟು ಬಂದು ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಅಪ್ಪ ದೂರದ ಬೋಟಿಗೆ, ಮಾವ ಮುಂಬೈಯ ಹೋಟೆಲಿಗೆ. ಆ ಇಬ್ಬರ ಜಾಗದಲ್ಲಿ ಹದಿಮೂರು ವರ್ಷದ ಅಣ್ಣ ನಿಂತ. ಹಳೆಯದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ, ಅದರಲ್ಲೂ ಹೆಂಗಸರು ಮಕ್ಕಳು ನುಂಗಿಕೊಂಡ ನೋವು ಸಾಕಷ್ಟಿತ್ತು. ಹೋದದ್ದರ ಜಾಗಕ್ಕೆ ನಾವು ಏನನ್ನೂ ತರಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಇಂಥ ಮನೆಗಳ ಗಂಡುಮಕ್ಕಳಿಗೆ ಒಂದು ಹೆದರಿಕೆ ದೊಡ್ಡವರಾದ ಮೇಲೂ ಬಿಡುವುದಿಲ್ಲ: ನಾನೂ ಅಪ್ಪನ ಹಾಗೆ ಆಗಿಬಿಟ್ಟರೆ? ಮನೋವೈದ್ಯ ಡೊನಾಲ್ಡ್ ಗುಡ್‌ವಿನ್ ಮತ್ತು ಜೊತೆಗಾರರು ಡೆನ್ಮಾರ್ಕಿನಲ್ಲಿ ದತ್ತು ಹೋದ ಗಂಡುಮಕ್ಕಳ ಬಗ್ಗೆ 1973ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದು, ಎಳವೆಯಲ್ಲೇ ಬೇರೆ ಮನೆ ಸೇರಿದ ಮಕ್ಕಳಲ್ಲಿ ನೂರಕ್ಕೆ 18 ಮಂದಿ ವ್ಯಸನಿಗಳಾಗಿದ್ದರು, ಉಳಿದ ದತ್ತುಮಕ್ಕಳಲ್ಲಿ 5 ಮಂದಿ. ಅಪಾಯ ಹಲವು ಪಟ್ಟು ಹೆಚ್ಚು, ನಿಜ. ಆದರೆ ನೂರಕ್ಕೆ 82 ಮಂದಿ ಹಾಗಾಗಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು. ಆಚೆಮನೆಯ ತಮ್ಮ ಮದುವೆಯನ್ನು ವರ್ಷಗಟ್ಟಲೆ ಮುಂದೂಡಿದ್ದು ಈ ಹೆದರಿಕೆಯಿಂದಲೇ.

ನಿಷೇಧದ ತಿಂಗಳುಗಳಿಗೆ ಸರ್ಕಾರದ ಒಂದು ಯೋಜನೆಯಿದೆ. ಮೀನುಗಾರ ತನ್ನ ಪಾಲು ಕಟ್ಟಿದರೆ ಕೇಂದ್ರ ಮತ್ತು ರಾಜ್ಯವೂ ತಮ್ಮ ಪಾಲು ಹಾಕಿ, ಕೆಲಸವಿಲ್ಲದ ದಿನಗಳಲ್ಲಿ ಕೊಡುವ ಉಳಿತಾಯ–ಪರಿಹಾರ ಯೋಜನೆ. ಅದು ಅಕ್ಕಿಗೆ ಆದೀತು. ಗಂಡಸರೆಲ್ಲ ಒಟ್ಟಿಗೆ ದಡದಲ್ಲಿ ಸಿಗುವ ವರ್ಷದ ಏಕೈಕ ಕಾಲವನ್ನು ಬೇರೆ ಯಾವುದಕ್ಕೂ ಬಳಸದೆ ಬಿಡುವುದು ನನಗೆ ಸಹಿಸಲಾಗದ ನಷ್ಟವೆನಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಎಂಟು ದಿನದವು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು. ಇವೆಲ್ಲ ಬಂದರಿಗೆ ಬರಬೇಕು, ಜೂನ್ ಮೊದಲ ವಾರವೇ ಬರಬೇಕು. ಬಲೆ ನೇಯುವ ಚಪ್ಪರದಲ್ಲೇ ಕೂತು ಮಾತಾಡುವ ಒಬ್ಬ ವೈದ್ಯ, ಮೊದಲ ನಾಲ್ಕು ದಿನ ಆಸ್ಪತ್ರೆಯಲ್ಲಿ ಒಂದು ಹಾಸಿಗೆ, ಆಮೇಲಿನ ಏಳೆಂಟು ವಾರ ಬೆನ್ನು ಬೀಳುವ ಒಬ್ಬ ಆಪ್ತಸಮಾಲೋಚಕ. ಬೋಟಿನ ಯಜಮಾನರು ಮುಂಗಡ ಕೊಡುವುದೂ ಈ ದಿನಗಳಲ್ಲೇ. ಅದರಲ್ಲಿ ಒಂದು ಪಾಲನ್ನು ಮನೆಯಾಕೆಯ ಕೈಗೇ ಕೊಡುವ ಪದ್ಧತಿಯನ್ನು ಮೀನುಗಾರರ ಸಂಘಗಳು ತಾವಾಗಿ ತರಬಹುದು, ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಡ.

ಶಾಲೆ ತೆರೆಯುವುದೂ ಇದೇ ಹೊತ್ತಿಗೆ. ಕಡಲತಡಿಯ ಶಾಲೆಯ ಮೇಷ್ಟ್ರು, ಟೀಚರ್ರು ಜೂನ್–ಜುಲೈ ಎರಡು ತಿಂಗಳು ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ. ಮಧ್ಯಾಹ್ನದ ಊಟದಲ್ಲಿ ತಾನು ಉಣ್ಣುವ ಮುಂಚೆ ತಮ್ಮನ ತರಗತಿಗೆ ಹೋಗಿ ಬರುವವನು, ಗಂಟೆ ಹೊಡೆದ ಮೇಲೂ ಮನೆಗೆ ಹೊರಡದವನು, ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಡುವವನು, ಆಗಸ್ಟ್ ಬರುತ್ತಿದ್ದಂತೆ ಸಲೀಸಾಗಿ ನಗುವವನು. ಅಂಥ ಹುಡುಗನನ್ನು ಜವಾಬ್ದಾರಿಯ ಮಾಣಿ ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆಯ ಜೊತೆಗೆ ಅವನನ್ನು ಪಕ್ಕಕ್ಕೆ ಕರೆದು, ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವ ಕೆಲಸವನ್ನು ಶಾಲೆಯೇ ವಹಿಸಿಕೊಳ್ಳಲಿ. ಆ ಕರೆಯನ್ನು ಹನ್ನೆರಡರ ಹುಡುಗನ ಕೈಯಲ್ಲೇ ಮಾಡಿಸಲು ಕಾಯಬಾರದು.