ಕಾವ್ಯವಾಚನದ ಧ್ವನಿಮುದ್ರಣ: ಯುಎಸ್‌ಬಿ ಮೈಕ್ರೊಫೋನಿನ ಬಳಕೆ

ಹಳಗನ್ನಡ ಪದ್ಯದ ಎಲ್ಲ ಸಂಗತಿಗಳೂ ಲಿಪಿಯಲ್ಲಿ ಇರುವುದಿಲ್ಲ. ಶಿಥಿಲದ್ವಿತ್ವವೇ ಇದಕ್ಕೆ ನಿದರ್ಶನ. ‘ಅಮರ್ದು’ ಎಂಬಂತಹ ಪದದಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿದರೆ ಅದರ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಊದಿ ಉಚ್ಚರಿಸಿದರೆ ಗುರುವಾಗುತ್ತದೆ. ಬರೆಹ ಮಾತ್ರ ಎರಡಕ್ಕೂ ಒಂದೇ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದನ್ನು ನಿರೂಪಿಸಿದ್ದರೂ ಅದು ಕಿವಿಗೆ ಹೇಗೆ ಕೇಳಿಸಬೇಕೆಂಬುದನ್ನು ನುರಿತ ವಾಚಕರ ಕಂಠದಿಂದಲೇ ಅರಿಯಬೇಕು. ಆದ್ದರಿಂದ ಒಳ್ಳೆಯ ಧ್ವನಿಮುದ್ರಿಕೆಯೂ ಅಧ್ಯಯನದ ಒಂದು ಆಕರವೇ ಆಗಿದೆ.

ಹೊರದೇಶಗಳಲ್ಲಿ ನೆಲೆಸಿರುವ ನಮಗೆ ಇಂತಹ ಅವಕಾಶ ಒದಗುವುದು ಹೆಚ್ಚಾಗಿ ಹಿರಿಯ ವಾಚಕರು ಕೆಲವು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಬಂದಾಗ. ಅಂತಹ ಒಂದು ಮುದ್ರಣವನ್ನು ನಾನೇ ಕೆಡಿಸಿದ್ದೇನೆ. ಕಣ್, ಕಾಲ್, ಬೇರ್ ಮುಂತಾದ ವ್ಯಂಜನಾಂತ ಪದಗಳ ಕೊನೆಯ ಧ್ವನಿ ಎಷ್ಟೋ ಕಡೆ ಅಳಿಸಿಹೋಗಿತ್ತು. ಕಂಪ್ಯೂಟರಿನ ಸದ್ದುನಿವಾರಣೆಯ ವ್ಯವಸ್ಥೆ ತಾನಾಗಿ ಕೆಲಸ ಮಾಡಿತ್ತು. ಅದು ನನ್ನ ಗಮನಕ್ಕೆ ಬರುವ ವೇಳೆಗೆ ವಾಚಕರು ಊರಿಗೆ ಮರಳಿದ್ದರು.

ಈ ವ್ಯವಸ್ಥೆ ಕ್ಷೀಣವಾದ ಧ್ವನಿಯನ್ನು ಅನಗತ್ಯ ಸದ್ದೆಂದು ಭಾವಿಸುತ್ತದೆ. ಸ್ವರದ ಬೆನ್ನಿಗೆ ಬರುವ ಪದಾಂತ್ಯದ ವ್ಯಂಜನ ಕ್ಷೀಣವಾದುದು. ಮಹಾಪ್ರಾಣದ ಉಸಿರು ಸದ್ದನ್ನೇ ಹೋಲುವಂಥದು. ಧ್ವನಿಮಟ್ಟವನ್ನು ತಾನಾಗಿ ಸರಿದೂಗಿಸುವ ವ್ಯವಸ್ಥೆಯಾದರೋ ಗಮಕದ ಏರಿಳಿತಗಳನ್ನೇ ಸಮತಟ್ಟು ಮಾಡುತ್ತದೆ. ಎರಡನ್ನೂ ನಿಲ್ಲಿಸುವುದು ಮೊದಲ ಕೆಲಸ.

ಯುಎಸ್‌ಬಿ ಮೈಕ್ರೊಫೋನಿನಲ್ಲಿ ಧ್ವನಿಯನ್ನು ಗ್ರಹಿಸುವ, ವರ್ಧಿಸುವ, ಡಿಜಿಟಲ್ ರೂಪಕ್ಕೆ ತರುವ ಭಾಗಗಳು ಒಂದೆಡೆಯೇ ಇರುವುದರಿಂದ ಬೇರೆ ಸಲಕರಣೆ ಬೇಕಿಲ್ಲ. ಅದನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸಬೇಕು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗಕ್ಕೆ ಹೋಗಿ, ಇನ್‌ಪುಟ್ ಆಗಿ ಇದನ್ನೇ ಆರಿಸಿ, ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆಫ್ ಮಾಡಬೇಕು. ಬಳಿಕ ಆಡಾಸಿಟಿಯಂತಹ ತಂತ್ರಾಂಶದಲ್ಲಿ ಮೈಕ್ರೊಫೋನನ್ನು ಆರಿಸಿ, ಮೋನೊ, 48,000 ಹರ್ಟ್ಸ್, 24 ಬಿಟ್ ಎಂದು ನಿಗದಿಪಡಿಸಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಸಂರಕ್ಷಣೆಗೆ ಸೂಚಿಸಿರುವ ಕನಿಷ್ಠ ಗುಣಮಟ್ಟ 48,000 ಹರ್ಟ್ಸ್ ಮತ್ತು 24 ಬಿಟ್. ಕಡತವನ್ನು ವೇವ್ ರೂಪದಲ್ಲಿ ಉಳಿಸಿದರೆ ನಿಮಿಷಕ್ಕೆ ಸುಮಾರು 8.6 ಎಂಬಿ ಸ್ಥಳ ಬೇಕಾಗುತ್ತದೆ. ಎಂಪಿ3 ಹಂಚಿಕೆಗೆ ಸಾಕು, ಸಂರಕ್ಷಣೆಗೆ ಸಲ್ಲದು.

ಮೈಕ್ರೊಫೋನಿಗೆ ಹಲವು ಗ್ರಹಣವಿಧಾನಗಳಿದ್ದರೆ, ಮುಂಬದಿಯ ಧ್ವನಿಯನ್ನೇ ಪ್ರಧಾನವಾಗಿ ಗ್ರಹಿಸುವ ಕಾರ್ಡಿಯಾಯ್ಡ್ ವಿಧಾನವನ್ನು ಆರಿಸಬೇಕು. ಕೆಲವು ಮೈಕ್ರೊಫೋನುಗಳ ಮುಖ ತುದಿಯಲ್ಲಿರದೆ ಪಕ್ಕದಲ್ಲಿರುತ್ತದೆ ಎಂಬುದನ್ನು ಗಮನಿಸಬೇಕು. ಬಾಯಿಂದ 15–20 ಸೆಂಟಿಮೀಟರ್ ದೂರದಲ್ಲಿ, ತುಸು ಓರೆಯಾಗಿ ಇರಿಸಿದರೆ ಪವರ್ಗದ ಅಕ್ಷರಗಳ ಗಾಳಿ ನೇರವಾಗಿ ಬಡಿಯುವುದಿಲ್ಲ. ಹೀಟರ್ ಅಥವಾ ಎಸಿಯ ಗಾಳಿಯನ್ನು ಮುದ್ರಣದ ವೇಳೆ ನಿಲ್ಲಿಸಬೇಕು. ಜಮಖಾನೆ, ಪರದೆ, ತುಂಬಿದ ಪುಸ್ತಕದ ಕಪಾಟುಗಳಿರುವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ.

ಧ್ವನಿಮಟ್ಟವನ್ನು ನಿಗದಿಪಡಿಸಲು ವಾಚಕರಿಂದ ತಾರಸ್ಥಾಯಿಯ ಪದ್ಯವೊಂದನ್ನು ಓದಿಸಬೇಕು. ಮಾಪಕ ಅತಿ ಎತ್ತರದಲ್ಲಿಯೂ −12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಸೊನ್ನೆಯನ್ನು ಮುಟ್ಟಿ ಒಡೆದ ಧ್ವನಿಯನ್ನು ಪೂರ್ಣವಾಗಿ ಸರಿಪಡಿಸಲಾಗದು. ಅನಂತರ ಒಂದು ನಿಮಿಷ ಮುದ್ರಿಸಿ, ಹೆಡ್‌ಫೋನಿನಲ್ಲಿ ಆಲಿಸಿ, ಪದಾಂತ್ಯದ ವ್ಯಂಜನ, ಅಲ್ಪಪ್ರಾಣ–ಮಹಾಪ್ರಾಣಗಳ ಭೇದ, ಶಿಥಿಲದ್ವಿತ್ವ, ವಾಚಕರು ಪಾಲಿಸುವುದಾದರೆ ಳ–ೞ ಭೇದ, ಇವೆಲ್ಲ ಕೇಳಿಸುತ್ತಿವೆಯೇ ಎಂದು ಪರೀಕ್ಷಿಸಬೇಕು.

ಮುದ್ರಣದ ಆರಂಭದಲ್ಲಿಯೇ ಕೃತಿ, ಆವೃತ್ತಿ, ಆಶ್ವಾಸ, ಪದ್ಯಸಂಖ್ಯೆ, ವಾಚಕರ ಹೆಸರು, ದಿನಾಂಕಗಳನ್ನು ಹೇಳಿಸುವುದು ಲೇಸು. ಮೂಲ ಕಡತವನ್ನು ತಿದ್ದದೆ ಕಾಪಿಟ್ಟು, ಅದರ ಪ್ರತಿಯಲ್ಲಿ ಮಾತ್ರ ಸದ್ದನ್ನು ತಗ್ಗಿಸಬಹುದು. ಉಳಿದ ಸದ್ದನ್ನು ಮುಂದೆ ಯಾರಾದರೂ ತೆಗೆದಾರು. ಮುದ್ರಣವಾಗದ ವ್ಯಂಜನವನ್ನು ಮರಳಿ ತರುವವರಿಲ್ಲ.